ಊರಿಗೆಲ್ಲ ಹೆಸರಿಟ್ಟವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸತ್ತವರ ಮೇಲಿನ ಮರ್ಯಾದೆ ಅದಕ್ಕೆ ಕಾರಣವಲ್ಲ. ಕಾರ್ಕಳದ ಆಸುಪಾಸಿನಲ್ಲಿ ಅವರು ಹೆಸರಿಡದೆ ಬಿಟ್ಟದ್ದು ಕಡಿಮೆ. ಅವರೊಬ್ಬರಾದರೂ ಒಂದು ಬರಹದಲ್ಲಿ ಹೆಸರಿಲ್ಲದೆ ಇರಲಿ ಎಂಬುದು ನನ್ನ ಸಣ್ಣತನ. ಅವರು ತೀರಿಕೊಂಡ ಮೇಲೆ ಪತ್ರಿಕೆಗಳಲ್ಲಿ ಬಂದ ನೆನಪಿನ ಬರಹಗಳನ್ನು ಒಂದೂ ಬಿಡದೆ ಓದಿದೆ. ಒಬ್ಬರು ಅವರನ್ನು ಹೆಸರುಗಳ ಗಣಿ ಎಂದಿದ್ದರು, ಇನ್ನೊಬ್ಬರು ನಾಮಶಿಲ್ಪಿ ಎಂದಿದ್ದರು. ನಾನು ಕಂಡ ಮನುಷ್ಯ ಅವುಗಳಲ್ಲಿ ಎಲ್ಲೂ ಇರಲಿಲ್ಲ. ಹಾಗೆಂದು ನಾನು ಕಂಡದ್ದೇ ನಿಜ ಎಂದು ಎದೆ ತಟ್ಟಿ ಹೇಳಲಾರೆ. ಬಹಳ ವರ್ಷಗಳಿಂದ ದಿನಚರಿ ಬರೆಯುತ್ತ ಬಂದವಳು ನಾನು. ಸಿಟ್ಟು ಬಂದ ದಿನ ನನ್ನ ಬರವಣಿಗೆ ಚೆನ್ನಾಗಿರುತ್ತದೆ. ಚೆನ್ನಾಗಿರುವುದರಿಂದಲೇ ಅದನ್ನು ನಂಬುವುದಕ್ಕೆ ಹೆದರಿಕೆಯಾಗುತ್ತದೆ.

ಅವರು ಕಾರ್ಕಳದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ನಾನು ಕಾಪುವಿನಿಂದ ಶಿರ್ವ, ಬೆಳ್ಮಣ್ಣು ಮಾರ್ಗದ ಬಸ್ಸಿನಲ್ಲಿ ಹೋಗಿ ಅವರ ಪಾಠ ಕೇಳುತ್ತಿದ್ದೆ. ಆಗ ಹಾಜರಿಯಲ್ಲಿ ನಾನು ಹುಡುಗ, ಹೆಸರೂ ಬೇರೆ. ಮೊದಲ ದಿನವೇ ಅವರು ತರಗತಿಯ ಹೆಸರುಗಳನ್ನು, ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವವರ ಹಾಗೆ, ಒಂದೊಂದಾಗಿ ಪರೀಕ್ಷಿಸಿದರು. ಹಿಡಿಸಿದರೆ ತಲೆಯಾಡಿಸುವುದು, ಹಿಡಿಸದಿದ್ದರೆ ಬದಲಾಯಿಸುವುದು. ಗುಲಾಬಿ ಎಂಬ ಹುಡುಗಿಯನ್ನು ಅವರು ಇಡೀ ವರ್ಷ ಸಂಸ್ಕೃತ ಮಾಡಿ ಪಾಟಲಾ ಎಂದು ಕರೆದರು. ಅವಳ ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು. ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದರು. ಪಾಟಲಾ ಎಂದಾಗಲೆಲ್ಲ ಗುಲಾಬಿ ಎದ್ದು ನಿಂತು ಉತ್ತರ ಹೇಳುತ್ತಿದ್ದಳು. ಎದ್ದು ನಿಲ್ಲುವಾಗ ಒಂದು ಕ್ಷಣ ತಡ ಮಾಡುತ್ತಿದ್ದಳು ಎಂದು ನನ್ನ ನೆನಪು. ಆ ತಡವನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ.

ಹೆಸರು ಕೇಳಿಕೊಂಡು ಜನ ಅವರ ಮನೆಗೆ ಬರುತ್ತಿದ್ದರು. ಮಗುವಿಗೆ, ಮನೆಗೆ, ಅಂಗಡಿಗೆ, ಬಸ್ಸಿಗೆ. ಅವರು ಕಣ್ಣು ಮುಚ್ಚಿ, ತೋರುಬೆರಳನ್ನು ಮೂಗಿನ ಮೇಲಿಟ್ಟು, ಸ್ವಲ್ಪ ಹೊತ್ತು ಗುಂಯ್‌ಗುಟ್ಟುತ್ತಿದ್ದರು. ಆಮೇಲೆ ಹೆಸರನ್ನು ಹೇಳಿ, ಅದನ್ನು ಬೇರೆ ಯಾರೋ ಹೇಳಿದರೆಂಬಂತೆ ತಾವೇ "ಆಹಾ" ಎನ್ನುತ್ತಿದ್ದರು. ಬಂದವರು ಸ್ವಲ್ಪ ಅನುಮಾನಿಸಿದರೆ, ಈಗಲೇ ತೆಗೆದುಕೊಳ್ಳಿ, ನಾಳೆ ಬೇರೆಯವರು ಕೊಂಡುಹೋಗುತ್ತಾರೆ ಎನ್ನುವುದಿತ್ತು. ಕಟಪಾಡಿಯ ಒಂದು ಬೇಕರಿಗೆ ಮಧುಪರ್ಕ ಎಂದು ಇಟ್ಟರು. ವೆಲ್ಡಿಂಗ್ ಅಂಗಡಿಯೊಂದಕ್ಕೆ ಅನುಸಂಧಾನ. ಹೆಬ್ರಿಯಲ್ಲಿ ಗಲ್ಫಿನಿಂದ ಬಂದವರೊಬ್ಬರು ಕಟ್ಟಿಸಿದ ಮನೆಗೆ ಸ್ವಯಂಪ್ರಭಾ. ಬೇಕರಿಯನ್ನು ಜನ ಜಂಕ್ಷನ್ ಬೇಕರಿ ಎಂದೇ ಕರೆದರು, ವೆಲ್ಡಿಂಗ್ ಅಂಗಡಿ ಸದಣ್ಣನ ಅಂಗಡಿಯಾಗಿಯೇ ಉಳಿಯಿತು, ಹೆಬ್ರಿಯ ಮನೆಗೆ ದಾರಿ ಕೇಳುವವರು ಈಗಲೂ ಟೈಲ್ಸಿನ ಮನೆ ಎಲ್ಲಿ ಎಂದು ಕೇಳುತ್ತಾರೆ. ಇದು ಅವರಿಗೆ ಗೊತ್ತಿರಲಿಲ್ಲ. ಹೆಸರಿಟ್ಟ ಮೇಲೆ ಆ ಕಡೆ ತಿರುಗಿ ನೋಡುವ ಅಭ್ಯಾಸ ಅವರಿಗೆ ಇರಲಿಲ್ಲ.

ಒಮ್ಮೆ ಒಬ್ಬ ಹೆಂಗಸು ಹತ್ತು ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಬಂದು ಅವರ ಕಾಲು ಮುಟ್ಟಿಸಿದಳಂತೆ. ಅವರು ಹುಡುಗಿಯ ಹೆಸರು ಕೇಳಿದರು. ಹುಡುಗಿ ಹೇಳಿದಳು. ಇವರು ಮುಖ ಸಿಂಡರಿಸಿ, ಇದನ್ನು ಯಾರು ಇಟ್ಟದ್ದು, ನಾಲಿಗೆಗೆ ಸಿಕ್ಕುವುದಿಲ್ಲ ಎಂದರಂತೆ. ಇಟ್ಟವರು ಅವರೇ. ಇದನ್ನು ನಾನು ಕಣ್ಣಾರೆ ಕಂಡೆ ಎಂದು ಬಹಳ ಕಾಲ ಗೆಳೆಯರಿಗೆ ಹೇಳುತ್ತಿದ್ದೆ. ಈಗ ಯೋಚಿಸಿದರೆ ಆ ಹೆಂಗಸಿನ ಮುಖ ನೆನಪಾಗುವುದಿಲ್ಲ, ಸೀರೆಯ ಬಣ್ಣವೂ ಇಲ್ಲ. ಬಹುಶಃ ಯಾರೋ ಹೇಳಿದ್ದು ನನ್ನದಾಗಿದೆ. ಆದರೂ ಇದನ್ನು ಹೊಡೆದುಹಾಕುವುದಿಲ್ಲ. ಅವರನ್ನು ಬಲ್ಲವರು ಯಾರೂ ಇದನ್ನು ಕೇಳಿ, ಛೆ, ಹಾಗಾಗಲಿಕ್ಕಿಲ್ಲ ಎಂದದ್ದಿಲ್ಲ.

ನನ್ನ ಹೆಸರನ್ನು ನಾನು ಆರಿಸಿಕೊಂಡದ್ದು ಅವರನ್ನು ಕಾಣುವ ಮೊದಲೇ, ಕಾಪುವಿನ ಹೈಸ್ಕೂಲಿನಲ್ಲಿ. ನಮ್ಮ ತರಗತಿಯಲ್ಲಿ ಮೂವರು ಸುಜಾತಾ ಇದ್ದರು: ದೊಡ್ಡ ಸುಜಾತಾ, ಸಣ್ಣ ಸುಜಾತಾ, ಲೈಟ್‌ಹೌಸಿನ ಹತ್ತಿರದಿಂದ ಬರುತ್ತಿದ್ದ ಲೈಟ್‌ಹೌಸ್ ಸುಜಾತಾ. ಮಾಸ್ಟ್ರು ಬರೀ ಸುಜಾತಾ ಎಂದರೆ ಮೂವರೂ ಒಟ್ಟಿಗೆ ಏಳುತ್ತಿದ್ದರು. ಹುಡುಗರ ಬೆಂಚಿನಲ್ಲಿ ನಾನೂ ಏಳುವುದಕ್ಕೆ ಹೊರಟು, ಬೆಂಚಿನ ಅಂಚನ್ನು ಹಿಡಿದುಕೊಂಡು ಕೂರುತ್ತಿದ್ದೆ. ಅದು ಚೆಂದದ ಹೆಸರೆಂದು ನನಗೆ ಅನಿಸಿರಲಿಲ್ಲ. ಯಾರೂ ತಿರುಗಿ ನೋಡದ ಹೆಸರು ಎಂದು ಅನಿಸಿತ್ತು. ಮೂವರಿರುವಲ್ಲಿ ನಾಲ್ಕನೆಯವಳು ಸೇರಿದರೆ ಯಾರಿಗೆ ಗೊತ್ತಾಗುತ್ತದೆ?

ಎಂ.ಎ. ಮುಗಿಸಿ ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಸೀರೆ ಉಟ್ಟು ಕೆಲಸಕ್ಕೆ ಹೋಗತೊಡಗಿದ ಮೇಲೆ, ನನ್ನ ಪರಿಚಯದವರಲ್ಲಿ ಅರ್ಧ ಜನರಿಗೆ ನನ್ನ ನಂಬರು ಮರೆತುಹೋಯಿತು. ಆ ಹೊತ್ತಿನಲ್ಲಿ ಅವರು ಫೋನ್ ಮಾಡಿದರು. ಒಳ್ಳೆಯ ವಿಷಯ ಕೇಳಿದೆ, ಬಾ, ನಿನಗೊಂದು ಹೆಸರು ಬೇಕಾಗುತ್ತದಲ್ಲ ಎಂದರು. ಅವರ ಲೆಕ್ಕಕ್ಕೆ ಇದೊಂದನ್ನು ಬರೆಯಲೇಬೇಕು: ಬಾಗಿಲು ತೆರೆದರು, ಕುರ್ಚಿ ಕೊಟ್ಟರು, ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದಾಗ ಪರದೆ ಎಳೆಯಲಿಲ್ಲ. ಪರದೆ ಎಳೆಯದಿದ್ದದ್ದು ನನಗೋಸ್ಕರವೋ, ಪಕ್ಕದ ಮನೆಯವರು ನೋಡಲಿ ಎಂದೋ ನನಗೆ ಇವತ್ತಿಗೂ ತಿಳಿದಿಲ್ಲ.

"ನೀನೇ ಎಂತಾದರೂ ಯೋಚನೆ ಮಾಡಿದ್ದೀಯಾ?" ಎಂದು ಕೇಳಿದರು.

"ಸುಜಾತಾ, ಸರ್."

ಅವರು ಕಷಾಯ ಕುಡಿದವರಂತೆ ನೋಡಿದರು. "ಅದೆಂತ ಹೆಸರು ಮಾರಾಯ್ತಿ? ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸುಜಾತಾ ಅಂತ ಕರೆದರೆ ಹತ್ತು ಜನ ತಿರುಗ್ತಾರೆ."

"ಅದಕ್ಕೇ ಸರ್."

ಅದು ಅವರ ಕಿವಿಗೆ ಬೀಳಲಿಲ್ಲ. ಆಗಲೇ ಬೆರಳು ಮೂಗಿನ ಮೇಲೆ ಹೋಗಿತ್ತು. ನನ್ನಂಥವಳಿಗೆ ಅರ್ಥವಿರುವ ಹೆಸರು ಬೇಕು, ಕೇಳಿದ ಕೂಡಲೇ ಜನರಿಗೆ ನನ್ನ ಕತೆ ತಿಳಿಯಬೇಕು ಎಂದರು. ಕೇಳಿದ ಕೂಡಲೇ ಕತೆ ತಿಳಿಯದಿರಲಿ ಎಂದೇ ನಾನು ಅಷ್ಟು ವರ್ಷ ಒಂದು ಹೆಸರನ್ನು ಬಾಯೊಳಗೆ ಇಟ್ಟುಕೊಂಡು ಓಡಾಡಿದ್ದೆ. ಬಸ್ಸು ಹತ್ತಿ, ಟಿಕೆಟ್ ತೆಗೆದು, ಕಿಟಕಿ ಪಕ್ಕ ಕೂತು, ಯಾರಿಗೂ ಕತೆಯಾಗದೆ ಇಳಿದುಹೋಗುವುದು. ನನಗೆ ಬೇಕಾದ್ದು ಅಷ್ಟೇ. ಇದನ್ನು ಅವರಿಗೆ ಬಿಡಿಸಿ ಹೇಳಿದೆನೆಂದು ದಿನಚರಿಯಲ್ಲಿ ಇದೆ. ಹೇಳಿರಲಾರೆ. ಮೇಷ್ಟ್ರ ಎದುರು ನಾನು ಅಷ್ಟುದ್ದ ಮಾತಾಡಿದ್ದೇ ಇಲ್ಲ.

"ಅಭಿನವಾ" ಎಂದರು ಕಣ್ಣು ಬಿಟ್ಟು. ಆಮೇಲೆ "ಆಹಾ."

ಚಹಾ ತಂದಿಟ್ಟ ಅವರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. "ಅವಳು ಹೇಳಿದಳಲ್ಲ, ಸುಜಾತಾ ಅಂತ," ಎಂದರು.

"ಮೃಣಾಲಿನೀ, ನೀನು ಒಳಗೆ ಹೋಗು."

ಅವರು ಒಳಗೆ ನಿಲ್ಲಲಿಲ್ಲ, ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ನಾನು ಹೊರಟಾಗ ಗೇಟಿನ ಹತ್ತಿರ ಬಸಳೆ ಚಪ್ಪರದ ಕೆಳಗೆ ನಿಂತಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಡುವೆ ಕನ್ನಡ. ಮೃಣಾಲಿನಿ ತಮ್ಮ ಹೆಸರಲ್ಲವೆಂದು ಆ ದಿನ ಹೇಳಿದರು. ಅವರ ಕಡೆ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ. ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಹೆಸರು ಬರೆಯಬೇಕು. ಬೇರೆ ಗಂಡಂದಿರು ಹಿರಿಯರು ಹೇಳಿದ್ದನ್ನು ಬರೆದು ಕೈತೊಳೆದುಕೊಳ್ಳುತ್ತಾರೆ, ಮನೆಯಲ್ಲಿ ಹಳೆಯ ಹೆಸರೋ ಹೊಸದೋ ಯಾವುದೋ ಒಂದು ಉಳಿಯುತ್ತದೆ. ಇವರು ತಾವೇ ಹುಡುಕಿದ ಹೆಸರು ಬರೆದು, ಅದನ್ನು ಬಿಟ್ಟು ಬೇರೆ ಯಾವುದರಿಂದಲೂ ಯಾರೂ ಕರೆಯಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದರಂತೆ.

"ನನ್ನ ಹೆಸರು ರತ್ನ," ಎಂದರು. "ಮದುವೆಯಾದ ಹೊಸದರಲ್ಲಿ ಮೃಣಾಲಿನೀ ಅಂತ ಕರೆದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಸೊಸೆಗೆ ಕಿವಿ ಮಂದ ಉಂಟು ಅಂತ ಅತ್ತೆ ಉಡುಪಿಗೆ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ರು. ಡಾಕ್ಟರು ಹೆಸರು ಕೇಳಿದ್ರು. ರತ್ನ ಅಂದೆ. ಅತ್ತೆ ಮೃಣಾಲಿನಿ ಅಂದ್ರು. ಕಿವಿ ಸರಿ ಉಂಟು, ತಲೆ ತೋರಿಸಿ ಅಂದ ಆ ಮಹಾರಾಯ."

ನಗದೆ ಹೇಳಿದರು. ನಾನು ನಕ್ಕೆ. ಆಮೇಲೆ ಅವರೂ ನಕ್ಕರು.

ಸುಜಾತಾ ಸಾಕು ಎಂದು ನಾನು ಮೇಷ್ಟ್ರಿಗೆ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅವರು ನಿನ್ನ ಇಷ್ಟ ಎಂದರು. ಆ ನಂತರ ಬಂದದ್ದು ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಮಾವೇಶ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವರು ಮೈಕಿನಲ್ಲಿ ನನ್ನನ್ನು ವೇದಿಕೆಗೆ ಕರೆಸಿದರು. ಮೇಜಿನ ಮೇಲೆ ಕೆಂಪು ಬಟ್ಟೆ ಮುಚ್ಚಿದ ಒಂದು ಹರಿವಾಣ. ಬಟ್ಟೆ ತೆಗೆದರೆ ಅಕ್ಕಿ. ನಮ್ಮಲ್ಲಿ ಮದುಮಗಳಿಗೆ ಹೀಗೆ ಹೆಸರಿಡುತ್ತೇವೆ, ಈ ಮಗಳೂ ಇವತ್ತು ಹೊಸ ಬಾಳಿಗೆ ಕಾಲಿಡುತ್ತಿದ್ದಾಳೆ ಎಂದು ಭಾಷಣ ಮಾಡಿ, ಬೆರಳಿನ ಉಂಗುರ ಕಳಚಿ, ಅಕ್ಕಿಯ ಮೇಲೆ ಅಭಿನವಾ ಎಂದು ಬರೆದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡವರೂ ಇದ್ದರು. ಇಂಥ ಗುರುಗಳು ಎಲ್ಲಿ ಸಿಗುತ್ತಾರೆ ಎಂದು ಒಬ್ಬರು ನನಗೇ ಹೇಳಿದರು. ನನ್ನನ್ನು ಮದುಮಗಳೆಂದು ಕರೆದ ಆ ಮನುಷ್ಯ, ಮದುಮಗಳಿಗೆ ಆ ತಟ್ಟೆಯ ಮುಂದೆ ಏನಾಗುತ್ತದೆ ಎಂಬುದನ್ನು ಒಂದು ಜನ್ಮ ಪೂರ್ತಿ ಮನೆಯಲ್ಲೇ ಇಟ್ಟುಕೊಂಡು ನೋಡದವರು.

ಆ ದಿನ ನಾನು ಅಕ್ಕಿಯ ಮೇಲೆ ಅಂಗೈ ಆಡಿಸಿ ಹೆಸರನ್ನು ಅಳಿಸಿದೆ ಎಂದು ದಿನಚರಿ ಹೇಳುತ್ತದೆ. ಸಮಾವೇಶದ ಫೋಟೋ ನನ್ನ ಹತ್ತಿರ ಇದೆ. ಅದರಲ್ಲಿ ನಾನು ಹರಿವಾಣ ಹಿಡಿದು ಹಲ್ಲು ಕಾಣುವ ಹಾಗೆ ನಗುತ್ತಿದ್ದೇನೆ, ಅಕ್ಷರಗಳು ಒಂದೂ ಅಲುಗಾಡಿಲ್ಲ. ಫೋಟೋ ಆದ ಮೇಲೆ ಅಳಿಸಿದೆನೇ? ಮನೆಗೆ ಬಂದು ಕಾಗದದಲ್ಲಿ ಅಳಿಸಿದೆನೇ? ರತ್ನಮ್ಮನನ್ನು ಕೇಳಿದ್ದೆ. "ನೀನು ಎಂತದ್ದೂ ಮಾಡಲಿಲ್ಲ, ಕಂಬದ ಹಾಗೆ ನಿಂತಿದ್ದಿ," ಎಂದರು. "ನನಗೆ ಬರೆದ ಅಕ್ಕಿಯಲ್ಲಿ ಪಾಯಸ ಮಾಡಿ ಊರಿಗೆಲ್ಲ ಬಡಿಸಿದ್ರು. ನಿನ್ನದನ್ನು ನಾನು ಮನೆಗೆ ತಂದು ನಾಯಿಗೆ ಬೇಯಿಸಿ ಹಾಕಿದೆ."

ಮರುದಿನ ಪತ್ರಿಕೆಯಲ್ಲಿ ಬಂತು. ಅಲ್ಲಿಗೆ ನಾನು ಊರಿಗೆಲ್ಲ ಅಭಿನವಾ ಆದೆ. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟ ಮೇಲೆ, ಆಗಬೇಕಾದ ಕಾಗದಪತ್ರಗಳೆಲ್ಲ ಸುಜಾತಾ ಹೆಸರಿನಲ್ಲಿ ಆದವು. ಅಮ್ಮನಿಗೆ ಏನೂ ತೊಂದರೆಯಾಗಲಿಲ್ಲ. ಮೊದಲಿನಿಂದಲೂ ನನ್ನನ್ನು, ಹೆಣ್ಣಿಗೂ ಗಂಡಿಗೂ ಸಲ್ಲುವ ಹಾಗೆ, ಮಗಾ ಎಂದೇ ಕರೆಯುವವರು, ಈಗಲೂ ಹಾಗೆಯೇ. ತೊಂದರೆಯಾದದ್ದು ಒಳ್ಳೆಯವರಿಂದ. ಮದುವೆ ಮನೆಗಳಲ್ಲಿ, ಪುಸ್ತಕ ಬಿಡುಗಡೆಗಳಲ್ಲಿ, ಎಂಥ ಹೆಸರಪ್ಪಾ ಮೇಷ್ಟ್ರು ಇಟ್ಟದ್ದು ಎಂದು ಕೈ ಹಿಡಿದುಕೊಳ್ಳುವವರಿಂದ. ತಿದ್ದಿದರೆ ಅವರ ಮುಖ ಸಣ್ಣದಾಗುತ್ತಿತ್ತು. ಅಷ್ಟು ದೊಡ್ಡವರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವ ಅಹಂಕಾರ ನೋಡಿ ಎಂದು ಹಿಂದಿನಿಂದ ಆಡಿಕೊಂಡದ್ದೂ ನನ್ನ ಕಿವಿಗೆ ಬಿತ್ತು. ಮೇಷ್ಟ್ರು ಹೋದಲ್ಲೆಲ್ಲ ನನ್ನನ್ನು ಉದಾಹರಣೆ ಕೊಡುತ್ತಿದ್ದರು. ಅಭಿನವಾ ನಾನು ಹೆಸರಿಟ್ಟ ಮಗಳು ಎನ್ನುತ್ತಿದ್ದರು. ಕಾಗದದಲ್ಲಿ ಬೇರೆ ಇದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕಾಗದದಲ್ಲಿ ಏನಾದರೂ ಇರಲಿ ಎಂದರಂತೆ. ನನ್ನ ಹಳೆಯ ಹೆಸರು ಹಿಡಿದು ಚುಡಾಯಿಸುವ ಪುಂಡರನ್ನು ನಾನು ಬೈದು ಓಡಿಸಬಲ್ಲೆ. ಹೊಸ ಹೆಸರನ್ನು ಪ್ರಶಸ್ತಿಯ ಹಾಗೆ ಕೊರಳಿಗೆ ಹಾಕಲು ಬರುವ ಸಜ್ಜನರನ್ನು ಏನು ಮಾಡುವುದು?

ಕೊನೆಗಾಲದಲ್ಲಿ ಅವರನ್ನು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಗ್ರಂಥಾಲಯದಿಂದ ನಡೆದು ಹೋಗುವಷ್ಟು ಹತ್ತಿರ. ರತ್ನಮ್ಮ ಒಬ್ಬರೇ ಇರುತ್ತಾರೆಂದು ಸಂಜೆ ಹೋಗುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಕಲ್ಯಾಣಪುರದ ಒಬ್ಬ ಮುದುಕರಿದ್ದರು. ಮೇಷ್ಟ್ರು ಮಲಗಿದ್ದ ಹಾಸಿಗೆಯಲ್ಲಿ ಅವರಿಗಿಂತ ಮೊದಲು ಸುಂದರಣ್ಣ ಎಂಬವರು ಇದ್ದರಂತೆ. ಅವರು ಗುಣವಾಗಿ ಮನೆಗೆ ಹೋದ ಮೇಲೂ ಈ ಮುದುಕರಿಗೆ ಆ ಹಾಸಿಗೆಯಲ್ಲಿ ಯಾರು ಮಲಗಿದರೂ ಸುಂದರಣ್ಣನೇ.

"ಸುಂದರಣ್ಣ, ಗಂಜಿ ಬಂತಾ?"

"ನನ್ನ ಹೆಸರು ಅದಲ್ಲ," ಎಂದು ಮೇಷ್ಟ್ರು ದಿಂಬಿನಿಂದ ತಲೆಯೆತ್ತಿ, ತಮ್ಮ ಪೂರ್ತಿ ಹೆಸರನ್ನು, ಇನಿಶಿಯಲ್ಲು, ಪದವಿ ಎಲ್ಲ ಸೇರಿಸಿ ಹೇಳಿದರು.

"ಆಯ್ತು ಸುಂದರಣ್ಣ," ಎಂದರು ಮುದುಕರು.

ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು. ಇಷ್ಟು ವರ್ಷ ದುಡಿದು ಹೆಸರು ಮಾಡಿದ್ದು ಇದಕ್ಕಾ, ಇವನಿಗೆ ಯಾರಾದರೂ ಹೇಳಿ, ನನ್ನನ್ನು ನನ್ನ ಹೆಸರಿನಿಂದ ಕರೆಯಲಿಕ್ಕೆ ಹೇಳಿ ಎಂದು ಏದುಸಿರಿನಲ್ಲಿ ಕೂಗಾಡಿದರು. ರತ್ನಮ್ಮ ಮೂಸಂಬಿ ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ನಾನು ಹಾಸಿಗೆಯ ಹತ್ತಿರ ಬಗ್ಗಿ, "ಸುಂದರಣ್ಣ ಒಳ್ಳೆಯ ಹೆಸರಲ್ವಾ ಸರ್? ಅರ್ಥವೂ ಉಂಟು," ಎಂದೆ.

ಸಾಯುವ ಮನುಷ್ಯನಿಗೆ ಹೀಗೆ ಹೇಳಬಹುದೇ ಎಂದು ನನ್ನನ್ನು ನಾನು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ಹೇಳಬಹುದು ಎಂದೇ ಪ್ರತಿ ಸಲ ಅನಿಸಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಏನೋ ಹೊಳೆಯಿತೆಂದು ಆ ಕ್ಷಣ ನಾನು ನಂಬಿದೆ. ತುಟಿ ಅಲುಗಿತು. ಇನ್ನೂ ಹತ್ತಿರ ಬಗ್ಗಿದೆ.

"ಅಭಿನವಾ, ಫ್ಯಾನು ಸ್ವಲ್ಪ ಕಡಿಮೆ ಮಾಡು," ಎಂದರು.

ಶ್ರದ್ಧಾಂಜಲಿ ಸಭೆ ಕಾರ್ಕಳದಲ್ಲೇ ನಡೆಯಿತು. ನನ್ನ ಹೆಸರನ್ನು ಮಾತಾಡುವವರಲ್ಲಿ ಸೇರಿಸಬೇಡಿ ಎಂದಿದ್ದೆ. ಸೇರಿಸಿದರೆ ಸುಜಾತಾ ಎಂದು ಸೇರಿಸಿ ಎಂದೂ ಹೇಳಿದ್ದೆ. ನಿರೂಪಣೆ ಮಾಡುತ್ತಿದ್ದವನು ನನಗಿಂತ ಕಿರಿಯ, ಅವರ ಕೊನೆಯ ಬ್ಯಾಚಿನ ವಿದ್ಯಾರ್ಥಿ. ಅವನ ಹೆಸರೂ ಅವರೇ ಬದಲಾಯಿಸಿದ್ದು. ಏಳೆಂಟು ಜನ ಮಾತಾಡಿದ ಮೇಲೆ, ಗುರುಗಳು ಮರುಹುಟ್ಟು ಕೊಟ್ಟ ಮಗಳು ಅಭಿನವಾ ಈಗ ನುಡಿನಮನ ಸಲ್ಲಿಸುತ್ತಾರೆ ಎಂದು ಅವನು ಕರೆದ.

ನಾನು ಏಳಲಿಲ್ಲ. ಕುರ್ಚಿಯ ಅಂಚು ಕೈಗೆ ಸಿಕ್ಕಿತು, ಹಿಡಿದುಕೊಂಡೆ. ಅವನು ಮತ್ತೆ ಕರೆದ. ಮುಂದಿನವರು ಹಿಂತಿರುಗಿ ನೋಡಿದರು, ಪಕ್ಕದವರು ಮೊಣಕೈಯಿಂದ ತಿವಿದರು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದು ಯಾರೋ ಪಿಸುಗುಟ್ಟಿದರು. ನಿರೂಪಕನೂ ಹಾಗೆಯೇ ಅಂದುಕೊಂಡು, ಮುಂದೆ ಪುಷ್ಪನಮನ, ಮೊದಲಿಗೆ ಗುರುಪತ್ನಿ ಶ್ರೀಮತಿ ಮೃಣಾಲಿನಿಯವರು ಎಂದ.

ಮೊದಲ ಸಾಲಿನಲ್ಲಿ ರತ್ನಮ್ಮನೂ ಏಳಲಿಲ್ಲ. ಚೀಲದೊಳಗೆ ಕನ್ನಡಕ ಹುಡುಕುತ್ತಿದ್ದರು. ಅವನು ಎರಡನೆಯ ಸಲ ಕರೆದ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸತೊಡಗಿದರು. ಕೊನೆಗೆ ಅವನು ಮೈಕು ಕೈಯಲ್ಲೇ ಹಿಡಿದು ವೇದಿಕೆ ಇಳಿದು ಬಂದು ಬಗ್ಗಿದ.

"ಅಮ್ಮಾ, ನಿಮ್ಮನ್ನೇ ಕರೆದದ್ದು."

"ಯಾರನ್ನು?"

ಮೈಕು ಬಂದ್ ಆಗಿರಲಿಲ್ಲ. ಅವರ "ಯಾರನ್ನು" ಎಂಬುದು ಇಡೀ ಸಭೆಗೆ ಕೇಳಿಸಿತು.

"ನನ್ನ ಹೆಸರು ರತ್ನ," ಎಂದರು. "ಹಿಂದೆ ಕೂತದ್ದು ಸುಜಾತಾ. ಕರೆಯುವುದಾದರೆ ಸರಿಯಾಗಿ ಕರಿ. ಇಲ್ಲದಿದ್ರೆ ಜನಕ್ಕೆ ಚಹಾ ಕೊಡು, ಮನೆಗೆ ಹೋಗಲಿ."

ಕೊನೆಯ ಚಹಾದ ಮಾತು ಅವರು ಹೇಳಿದ್ದೋ, ನನ್ನ ಕಿವಿ ಸೇರಿಸಿಕೊಂಡದ್ದೋ ಆಣೆ ಮಾಡಿ ಹೇಳಲಾರೆ. ಎರಡು ಹೆಸರುಗಳ ಬಗ್ಗೆ ಆಣೆ ಮಾಡಬಲ್ಲೆ. ಆ ಹುಡುಗ ಬೆವತು, ಮೊದಲು ರತ್ನಮ್ಮ ಎಂದ. ಅವರು ಎದ್ದು ಹೋಗಿ ಫೋಟೋಗೆ ಹೂವು ಹಾಕಿದರು, ಆತುರವಿಲ್ಲದೆ. ಆಮೇಲೆ ಅವನು ಸುಜಾತಾ ಎಂದ. ನಾನು ಎದ್ದೆ. ಸರ್ ನನ್ನ ಮೇಷ್ಟ್ರು, ನನ್ನ ಹೆಸರು ಅವರು ಇಟ್ಟದ್ದಲ್ಲ ಎಂದು ಇಷ್ಟೇ ಹೇಳಿ ಇಳಿದೆ. ನಾಲ್ಕು ಜನ ಅಭ್ಯಾಸದಿಂದ ಚಪ್ಪಾಳೆ ತಟ್ಟಲು ಹೊರಟು, ಶ್ರದ್ಧಾಂಜಲಿ ಸಭೆ ಎಂಬುದು ನೆನಪಾಗಿ ಕೈ ಕೆಳಗಿಳಿಸಿದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ರತ್ನಮ್ಮನ ಫೋನ್ ಬಂತು.

"ಪೇಪರ್ ನೋಡಿದಿಯಾ?"

ನೋಡಿದ್ದೆ. ಶ್ರೀಮತಿ ಮೃಣಾಲಿನಿ ಪುಷ್ಪನಮನ ಸಲ್ಲಿಸಿದರು, ಶಿಷ್ಯೆ ಅಭಿನವಾ ಗುರುಗಳನ್ನು ಸ್ಮರಿಸಿದರು ಎಂದು ಇತ್ತು. ಸಭೆಗೆ ಮೊದಲೇ ಬರೆದುಕೊಟ್ಟ ವರದಿ ಇರಬೇಕು. ಪತ್ರಿಕೆಯವರಿಗೆ ಫೋನ್ ಮಾಡುತ್ತೇನೆ, ತಿದ್ದುಪಡಿ ಹಾಕಿಸುತ್ತೇನೆ ಎಂದು ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆ ಕಡೆ ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು.

"ಬಿಡು ಮಾರಾಯ್ತಿ," ಎಂದರು. "ಅವರ ಸಭೆಗೆ ನಾವಿಬ್ಬರೂ ಹೋಗಲೇ ಇಲ್ಲ ಅಂತ ಆಯ್ತಲ್ಲ."